ಸ್ಟೋರೇಜ್, ವಿಎಂ, ಬ್ಯಾಕಪ್ ಎಲ್ಲಾ ಒಂದೇ ಜೋಡಿ 25 ಜಿ ಕೇಬಲ್‌ನಲ್ಲಿ ಹಾಕಬಹುದಾ? ಹೊಸ ಸರ್ವರ್ ರೂಮ್‌ಗೆ ಸಲಹೆ ಬೇಕು

ಹುಬ್ಬಳ್ಳಿ_ಸಿಸ್ಟಮ್ಸ್

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ಕಡೆಯ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ಐಟಿ ನೋಡಿಕೊಳ್ಳುತ್ತೇನೆ. ಸರ್ವರ್ ರೂಮನ್ನು ಪೂರ್ತಿ ಹೊಸದಾಗಿ ಮಾಡಲು ಮ್ಯಾನೇಜ್‌ಮೆಂಟ್ ಒಪ್ಪಿದೆ. ಇಂಥ ಅವಕಾಶ ಮತ್ತೆ ಎಂಟು ಹತ್ತು ವರ್ಷ ಸಿಗುವುದಿಲ್ಲ. ಅದಕ್ಕೇ ಕೊಟೇಶನ್‌ಗೆ ಸಹಿ ಬೀಳುವ ಮೊದಲು ನಿಮ್ಮನ್ನು ಕೇಳುತ್ತಿದ್ದೇನೆ.

ಈಗ ಇರುವುದು ವರ್ಚುವಲ್ ಮಷಿನ್ (ವಿಎಂ) ಓಡಿಸುವ ನಾಲ್ಕು ಹಳೇ ಸರ್ವರ್, ಅಂದರೆ ಹೋಸ್ಟ್. ಅವುಗಳ ಮೇಲೆ ವಿಎಂವೇರ್‌ನ ವಿಸ್ಪಿಯರ್ 7. ಒಂದು ಫೈಬರ್ ಚಾನೆಲ್ (ಸ್ಟೋರೇಜ್‌ಗೆಂದೇ ಇರುವ ಬೇರೆ ಜಾಲ) ಸ್ಟೋರೇಜ್, ಅದಕ್ಕೆ ಬೇರೆ ಎರಡು ಸ್ವಿಚ್. ಪ್ರತಿ ಹೋಸ್ಟ್‌ನ ಹಿಂದೆ ಎಂಟು ನೆಟ್‌ವರ್ಕ್ ಕೇಬಲ್, ಎರಡು ಫೈಬರ್, ಒಂದು ಮ್ಯಾನೇಜ್‌ಮೆಂಟ್ ಕೇಬಲ್. ಒಟ್ಟು ಹನ್ನೊಂದು. ರ್‍ಯಾಕ್ ಹಿಂದಿನ ಬಾಗಿಲು ಮುಚ್ಚುವುದೇ ಇಲ್ಲ.

ಲೋಡ್ ಹೀಗಿದೆ: 120 ವಿಎಂ, ಒಟ್ಟು 520 ವಿಸಿಪಿಯು (ವಿಎಂಗಳಿಗೆ ಕೊಟ್ಟ ವರ್ಚುವಲ್ ಸಿಪಿಯು), 1.6 ಟಿಬಿ ರ್‍ಯಾಮ್, 60 ಟಿಬಿ ಡೇಟಾ.

ವೆಂಡರ್ ಹೇಳುವುದು ಇಷ್ಟು. ಆರು ಹೊಸ ಹೋಸ್ಟ್, ಒಳಗೇ ಎನ್‌ವಿಎಂಇ (ವೇಗದ ಫ್ಲ್ಯಾಶ್) ಡ್ರೈವ್, ಮೇಲೆ ವಿಎಂ ಓಡಿಸಲು ಪ್ರಾಕ್ಸ್‌ಮಾಕ್ಸ್, ಎಲ್ಲಾ ಹೋಸ್ಟ್‌ಗಳ ಡ್ರೈವ್ ಸೇರಿಸಿ ಒಂದೇ ಸ್ಟೋರೇಜ್ ಮಾಡಲು ಸೆಫ್. ಪ್ರತಿ ಹೋಸ್ಟ್‌ಗೆ ಒಂದು ಕಾರ್ಡ್, ಅದರಲ್ಲಿ ಎರಡು 25 ಜಿ (ಸೆಕೆಂಡಿಗೆ 25 ಗಿಗಾಬಿಟ್) ಪೋರ್ಟ್. ಸ್ಟೋರೇಜ್, ವಿಎಂ, ಮೈಗ್ರೇಶನ್ (ವಿಎಂ ಅನ್ನು ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಸಾಗಿಸುವುದು), ಬ್ಯಾಕಪ್, ಕ್ಲಸ್ಟರ್, ಮ್ಯಾನೇಜ್‌ಮೆಂಟ್ ಎಲ್ಲಾ ಅದರಲ್ಲೇ. ಕೇಬಲ್ ಕಡಿಮೆ, ಖರ್ಚು ಕಡಿಮೆ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಇದನ್ನು ಒಪ್ಪಬಹುದಾ?

ಕರಾವಳಿ_ಪ್ಯಾಕೆಟ್

ಎಲ್ಲವನ್ನೂ ಒಂದೇ ತಂತಿಯಲ್ಲಿ ಕಳಿಸುವ ಆಲೋಚನೆ ಹೊಸದಲ್ಲ ಸರ್. ಅದು ಮೊದಲ ಸಲ ದೊಡ್ಡ ಮಟ್ಟದಲ್ಲಿ ಬಂದಿದ್ದು ಎಫ್‌ಸಿಒಇ (ಫೈಬರ್ ಚಾನೆಲ್ ಓವರ್ ಈಥರ್ನೆಟ್) ಹೆಸರಿನಲ್ಲಿ. 2009ರಲ್ಲಿ ಅದರ ಸ್ಟ್ಯಾಂಡರ್ಡ್ ಸಿದ್ಧವಾಯಿತು. ಫೈಬರ್ ಚಾನೆಲ್ ಫ್ರೇಮನ್ನು ಹಾಗೇ ಎತ್ತಿ ಈಥರ್ನೆಟ್ ಫ್ರೇಮಿನ ಒಳಗೆ ಇಡುವುದು ಅದರ ಕೆಲಸ.

ಇಲ್ಲಿ ಎರಡು ಸ್ವಭಾವಗಳ ಜಗಳ ಇದೆ. ಫೈಬರ್ ಚಾನೆಲ್‌ನಲ್ಲಿ ಆ ಕಡೆ ಬಫರ್ ಖಾಲಿ ಇದೆ ಅಂತ ಕ್ರೆಡಿಟ್ ಬಂದ ಮೇಲೇ ಈ ಕಡೆಯವರು ಫ್ರೇಮ್ ಕಳಿಸುತ್ತಾರೆ. ಈಥರ್ನೆಟ್ ಹಾಗಲ್ಲ. ಜಾಗ ಇಲ್ಲದಿದ್ದರೆ ಬಿಸಾಡುತ್ತದೆ. ಈ ಅಂತರ ತುಂಬಲು ಪಿಎಫ್‌ಸಿ ಮತ್ತು ಇಟಿಎಸ್ ಬಂದವು. ಪಿಎಫ್‌ಸಿ ಅಂದರೆ ಎಂಟು ವರ್ಗದ ಟ್ರಾಫಿಕ್‌ನಲ್ಲಿ ಒಂದನ್ನು ಮಾತ್ರ 'ಸ್ವಲ್ಪ ನಿಲ್ಲು' ಅಂತ ತಡೆಯುವುದು. ಇಟಿಎಸ್ ಅಂದರೆ ಯಾವ ವರ್ಗಕ್ಕೆ ಕನಿಷ್ಠ ಎಷ್ಟು ಪಾಲು ಅಂತ ಹಂಚುವುದು.

ಪಿಎಫ್‌ಸಿ ಕಾಗದದ ಮೇಲೆ ಚೆಂದ. ಆದರೆ ಒಂದು ಹೋಸ್ಟ್ ನಿಧಾನವಾಗಿ 'ನಿಲ್ಲು' ಅನ್ನತೊಡಗಿದರೆ ಸ್ವಿಚ್‌ನ ಬಫರ್ ತುಂಬುತ್ತದೆ. ಆಗ ಸ್ವಿಚ್ ತನ್ನ ಹಿಂದಿನ ಪೋರ್ಟ್‌ಗಳಿಗೂ 'ನಿಲ್ಲು' ಅನ್ನುತ್ತದೆ. ಟೋಲ್ ಗೇಟ್‌ನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಬೇರೆ ಊರಿಗೆ ಹೋಗುವ ಬಸ್ಸೂ ಹಿಂದೆ ಸಾಲಿನಲ್ಲಿ ನಿಲ್ಲುತ್ತದಲ್ಲ, ಹಾಗೆ. ಸಂಬಂಧವೇ ಇಲ್ಲದ ಹೋಸ್ಟ್‌ಗಳೂ ಸಿಕ್ಕಿಕೊಳ್ಳುತ್ತವೆ.

ನಿಮಗೆ ಒಳ್ಳೇ ಸುದ್ದಿ ಏನೆಂದರೆ ಈ ತಲೆನೋವು ನಿಮಗೆ ಬೇಕಿಲ್ಲ. ಸೆಫ್ ಸಾಮಾನ್ಯವಾಗಿ ಓಡುವುದು ಟಿಸಿಪಿ ಮೇಲೆ. ಜಾಲದ ಮೂಲಕ ಸ್ಟೋರೇಜ್ ಬಳಸುವ ಐಸ್ಕಸಿ ಕೂಡ ಅಷ್ಟೇ, ಎನ್‌ವಿಎಂಇ ಓವರ್ ಟಿಸಿಪಿ ಕೂಡ ಅಷ್ಟೇ. ಪ್ಯಾಕೆಟ್ ಬಿದ್ದರೆ ಟಿಸಿಪಿ ಮತ್ತೆ ಕಳಿಸುತ್ತದೆ. ಒಂದು ಪ್ಯಾಕೆಟ್ಟೂ ಬೀಳದ ಜಾಲ ಬೇಕಾಗುವುದು ಎಫ್‌ಸಿಒಇಗೆ, ಬಹುಮಟ್ಟಿಗೆ ರಾಕಿ (RoCE) ಅನ್ನುವ ಆರ್‌ಡಿಎಂಎಗೆ. ಆರ್‌ಡಿಎಂಎ ಅಂದರೆ ಸಿಪಿಯು ಮಧ್ಯೆ ಬಾರದೆ ಒಂದು ಸರ್ವರ್‌ನ ಮೆಮೊರಿಯಿಂದ ಇನ್ನೊಂದಕ್ಕೆ ಡೇಟಾ ಸಾಗಿಸುವುದು. ಕೊಟೇಶನ್‌ನಲ್ಲಿ ಆರ್‌ಡಿಎಂಎ ಪದ ಇದೆಯಾ ನೋಡಿ. ಇದ್ದರೆ ಯಾಕೆ ಅಂತ ಕೇಳಿ. ಆರು ಹೋಸ್ಟ್‌ಗೆ ಅದು ಬೇಡ.

ಹಾಗಾಗಿ ಒಟ್ಟುಗೂಡಿಸುವ ದಿಕ್ಕು ಸರಿಯಾಗಿಯೇ ಇದೆ. ಎರಡೇ ಪೋರ್ಟ್ ಅನ್ನುವುದು ಮಾತ್ರ ನನಗೆ ಸರಿ ಕಾಣುತ್ತಿಲ್ಲ.

ಮಲ್ಲಿಗೆ_ಕೆವಿಎಂ

ಮೊದಲು ಲೆಕ್ಕ ಹಾಕೋಣ. ಕೇಬಲ್ ಮಾತು ಆಮೇಲೆ.

ಆರು ಹೋಸ್ಟ್‌ನಲ್ಲಿ ಯಾವಾಗಲೂ ಐದೇ ಇವೆ ಅಂತ ಅಂದುಕೊಳ್ಳಿ. ಒಂದು ಕೆಟ್ಟಾಗಲೂ, ಒಂದಕ್ಕೆ ಅಪ್‌ಡೇಟ್ ಹಾಕುವಾಗಲೂ ಕೆಲಸ ನಡೆಯಬೇಕು. ಒಂದೊಂದರಲ್ಲಿ 32 ಕೋರ್ ಇದ್ದರೆ ಐದಕ್ಕೆ 160 ಕೋರ್. 520 ವಿಸಿಪಿಯು ಭಾಗಿಸು 160, ಅಂದರೆ ಒಂದು ಕೋರ್‌ಗೆ 3.25 ವಿಸಿಪಿಯು. ನಿಮ್ಮಂಥ ಆಫೀಸ್ ಮತ್ತು ಇಆರ್‌ಪಿ (ಲೆಕ್ಕ, ದಾಸ್ತಾನು ನೋಡುವ ಸಾಫ್ಟ್‌ವೇರ್) ಲೋಡ್‌ಗೆ ಇದು ಆರಾಮ. ರ್‍ಯಾಮ್ ಮಾತ್ರ ಇರುವುದಕ್ಕಿಂತ ಹೆಚ್ಚು ಹಂಚಬೇಡಿ. ಹೋಸ್ಟ್‌ಗೆ 512 ಜಿಬಿ ಇರಲಿ. ಐದರಲ್ಲಿ ಸುಮಾರು 2.5 ಟಿಬಿ ಸಿಗುತ್ತದೆ. ನಿಮಗೆ ಬೇಕಿರುವುದು 1.6. ಸೆಫ್ ಕೂಡ ರ್‍ಯಾಮ್ ತಿನ್ನುತ್ತದೆ, ಒಂದೊಂದು ಡ್ರೈವ್‌ಗೆ 4 ಜಿಬಿ ಡೀಫಾಲ್ಟ್.

ಸ್ಟೋರೇಜ್ ಲೆಕ್ಕದಲ್ಲಿ ಎಷ್ಟೋ ಜನ ಎಡವುತ್ತಾರೆ. ಸೆಫ್‌ನಲ್ಲಿ ಮೂರು ಪ್ರತಿ ಇಡಬೇಕು. 60 ಟಿಬಿ ಅಂದರೆ 180 ಟಿಬಿ. ಹೋಸ್ಟ್‌ಗೆ 7.68 ಟಿಬಿಯ ಆರು ಡ್ರೈವ್ ಹಾಕಿದರೆ ಒಂದರಲ್ಲಿ 46, ಆರರಲ್ಲಿ 276 ಟಿಬಿ. ಒಂದು ಹೋಸ್ಟ್ ಹೋದರೆ ಉಳಿಯುವುದು 230. ಅದರಲ್ಲಿ 180 ಅಂದರೆ ಶೇ 78. ಸೆಫ್ ಶೇ 85ಕ್ಕೆ ಎಚ್ಚರಿಕೆ ಕೊಡುತ್ತದೆ, ಶೇ 95ಕ್ಕೆ ಬರೆಯುವುದನ್ನೇ ನಿಲ್ಲಿಸುತ್ತದೆ. ಸದ್ಯಕ್ಕೆ ಸಾಕು. ಆದರೆ ಡೇಟಾ ವರ್ಷಕ್ಕೆ ಎಷ್ಟು ಬೆಳೆಯುತ್ತದೆ ಅಂತ ನೀವು ಹೇಳಿಲ್ಲ. ಪ್ರತಿ ಹೋಸ್ಟ್‌ನಲ್ಲಿ ಎರಡು ಡ್ರೈವ್ ಸ್ಲಾಟ್ ಖಾಲಿ ಇರುವ ಮಾಡೆಲ್ಲೇ ತೆಗೆದುಕೊಳ್ಳಿ.

ಡ್ರೈವ್ ಬಗ್ಗೆ ಇನ್ನೊಂದು. ಕರೆಂಟ್ ಹೋದರೂ ಒಳಗಿನ ಬರಹ ಕಳೆಯದ ಹಾಗೆ ಕೆಪಾಸಿಟರ್ ಇರುವ ಎಂಟರ್‌ಪ್ರೈಸ್ ಡ್ರೈವ್ ಇರಲೇಬೇಕು. ಲ್ಯಾಪ್‌ಟಾಪ್‌ಗೆ ಹಾಕುವ ಡ್ರೈವ್ ಅಗ್ಗಕ್ಕೆ ಸಿಗುತ್ತದೆ ಅಂತ ಹಾಕಿದರೆ ಸೆಫ್‌ನ ವೇಗ ನೆಲಕ್ಕೆ ಬೀಳುತ್ತದೆ. ಸೆಫ್ ಪ್ರತಿ ಬರಹವನ್ನೂ 'ನಿಜವಾಗಿ ಬರೆದೆಯಾ' ಅಂತ ಡ್ರೈವ್ ಹತ್ತಿರ ಖಚಿತ ಮಾಡಿಕೊಳ್ಳುತ್ತದೆ. ಕೆಪಾಸಿಟರ್ ಇರುವ ಡ್ರೈವ್ ತಕ್ಷಣ ಹೂಂ ಅನ್ನುತ್ತದೆ. ಇಲ್ಲದ್ದು ಫ್ಲ್ಯಾಶ್‌ಗೆ ಹೋಗಿ ಬರುವವರೆಗೆ ಕಾಯಿಸುತ್ತದೆ.

ಈಗ ಕೇಬಲ್. ಒಂದೇ ಎನ್‌ವಿಎಂಇ ಡ್ರೈವ್ ಸೆಕೆಂಡಿಗೆ 3 ಗಿಗಾಬೈಟ್ ಸುಲಭವಾಗಿ ಓದುತ್ತದೆ. ಅಂದರೆ 24 ಗಿಗಾಬಿಟ್. ನಿಮ್ಮ ಒಂದು 25 ಜಿ ಪೋರ್ಟ್ ಒಂದೇ ಡ್ರೈವ್‌ಗೆ ತುಂಬಿಹೋಯಿತು. ಹೋಸ್ಟ್‌ನಲ್ಲಿ ಅಂಥವು ಆರು ಇವೆ. ದಿನನಿತ್ಯ ಅಷ್ಟು ಓದುವುದಿಲ್ಲ, ನಿಜ. ಆದರೆ ಒಂದು ಹೋಸ್ಟ್ ಸತ್ತಾಗ ಅದರಲ್ಲಿದ್ದ ಸುಮಾರು 30 ಟಿಬಿಯನ್ನು ಉಳಿದವು ಮತ್ತೆ ಪ್ರತಿ ಮಾಡಿಕೊಳ್ಳಬೇಕು. ಅದೇ ಹೊತ್ತಿಗೆ ವಿಎಂಗಳೂ ಓಡುತ್ತಿರಬೇಕು. ಈ ವಿನ್ಯಾಸ ಎಷ್ಟು ಗಟ್ಟಿ ಅಂತ ಗೊತ್ತಾಗುವುದು ಆವತ್ತೇ.

ಎರಡನೇ_ಪಾಳಿ

ಮಲ್ಲಿಗೆ ಮೇಡಂ ಹೇಳಿದ ಆ ದಿನವನ್ನು ನಾನು ಕಣ್ಣಾರೆ ನೋಡಿದ್ದೇನೆ. ಹುಬ್ಬಳ್ಳಿ ಸರ್ ಇದನ್ನು ಪೂರ್ತಿ ಓದಬೇಕು.

ಒಂದು ಸಂಸ್ಥೆಯಲ್ಲಿ ಬೇರೆಯವರು ಕಟ್ಟಿಕೊಟ್ಟ ಕ್ಲಸ್ಟರ್ ಪದೇಪದೇ ಬೀಳುತ್ತಿದೆ ಅಂತ ನಮ್ಮನ್ನು ಕರೆದರು. ನಿಮ್ಮ ಕೊಟೇಶನ್ ಥರದ್ದೇ ವಿನ್ಯಾಸ. ಎರಡು ಪೋರ್ಟ್, ಎಲ್ಲಾ ಅದರ ಮೇಲೆ. ಹಗಲಿಡೀ ಚೆನ್ನಾಗಿ ಓಡುತ್ತದೆ. ರಾತ್ರಿ ಬ್ಯಾಕಪ್ ಶುರುವಾದ ಸ್ವಲ್ಪ ಹೊತ್ತಿಗೆ ಎಲ್ಲಾ ಹೋಸ್ಟ್‌ಗಳೂ ತಾವಾಗಿಯೇ ರೀಬೂಟ್. ಒಂದಲ್ಲ, ಎಲ್ಲವೂ. ಅಲ್ಲಿಯವರು ಕರೆಂಟ್ ಸಮಸ್ಯೆ ಅಂತ ಯುಪಿಎಸ್ ಬದಲಿಸಿದ್ದರು. ರ್‍ಯಾಮ್ ಬದಲಿಸಿದ್ದರು.

ಲಾಗ್ ತೆಗೆದು ನೋಡಿದರೆ ವಿಷಯ ಬೇರೆ. ಪ್ರಾಕ್ಸ್‌ಮಾಕ್ಸ್‌ನ ಹೋಸ್ಟ್‌ಗಳು 'ನಾನಿದ್ದೇನೆ, ನೀನಿದ್ದೀಯಾ' ಅಂತ ಒಂದಕ್ಕೊಂದು ಕೇಳಿಕೊಳ್ಳುವುದು ಕೋರೋಸಿಂಕ್ ಮೂಲಕ. ಅದು ಬಹಳ ಚಿಕ್ಕ ಪ್ಯಾಕೆಟ್. ಅದಕ್ಕೆ ಬ್ಯಾಂಡ್‌ವಿಡ್ತ್ ಬೇಡ, ತಡವಾಗಬಾರದು ಅಷ್ಟೇ. ಬ್ಯಾಕಪ್ ಟ್ರಾಫಿಕ್‌ನಿಂದ ಪೋರ್ಟ್ ತುಂಬಿದಾಗ ಈ ಚಿಕ್ಕ ಪ್ಯಾಕೆಟ್ ಸಾಲಿನಲ್ಲಿ ಹಿಂದೆ ನಿಲ್ಲುತ್ತದೆ, ಇಲ್ಲವೇ ಬಿದ್ದುಹೋಗುತ್ತದೆ. ಹೋಸ್ಟ್‌ಗೆ ಉಳಿದವರ ದನಿ ಕೇಳಿಸುವುದಿಲ್ಲ. ಕೋರಂ (ಬಹುಮತ) ಹೋಯಿತು ಅಂದುಕೊಳ್ಳುತ್ತದೆ. ಎಚ್‌ಎ (ಹೋಸ್ಟ್ ಸತ್ತರೆ ವಿಎಂಗಳನ್ನು ಬೇರೆ ಹೋಸ್ಟ್‌ನಲ್ಲಿ ಏಳಿಸುವ ಸೌಲಭ್ಯ) ಆನ್ ಇದ್ದರೆ ಸುಮಾರು 60 ಸೆಕೆಂಡ್ ಕಾದು ವಾಚ್‌ಡಾಗ್ ಅನ್ನುವ ಕಾವಲು ಟೈಮರ್ ಅದನ್ನು ರೀಬೂಟ್ ಮಾಡುತ್ತದೆ. ಒಂದೇ ವಿಎಂ ಎರಡು ಕಡೆ ಓಡಿ ಡೇಟಾ ಹಾಳಾಗದಿರಲಿ ಅಂತ ಇಟ್ಟ ರಕ್ಷಣೆ ಅದು. ಪ್ರತಿ ಹೋಸ್ಟ್‌ಗೂ ಹಾಗೇ ಅನಿಸಿತು, ಎಲ್ಲವೂ ರೀಬೂಟ್ ಆದವು. ಎದ್ದ ಮೇಲೆ ಸೆಫ್ ತನ್ನ ಪ್ರತಿಗಳನ್ನು ಸರಿಮಾಡಲು ಶುರು ಮಾಡಿತು. ಅದೂ ಅದೇ ಪೋರ್ಟ್ ಮೇಲೆ. ಮತ್ತೆ ತುಂಬಿತು, ಮತ್ತೆ ರೀಬೂಟ್.

ಪರಿಹಾರ ಏನು ಗೊತ್ತಾ? ಸರ್ವರ್‌ಗಳ ಹಿಂದೆ ಮದರ್‌ಬೋರ್ಡ್‌ನ 1 ಜಿ ಪೋರ್ಟ್‌ಗಳು ಖಾಲಿ ಬಿದ್ದಿದ್ದವು. ಸ್ಟೋರಿನಲ್ಲಿ ಧೂಳು ಹಿಡಿದಿದ್ದ ಒಂದು ಹಳೇ 1 ಜಿ ಸ್ವಿಚ್ ತಂದೆವು. ಸಾಮಾನ್ಯ ಕ್ಯಾಟ್ 6 ಕೇಬಲ್ ಎಳೆದು ಕೋರೋಸಿಂಕನ್ನು ಅದರ ಮೇಲೆ ಮೊದಲ ದಾರಿಯಾಗಿ ಹಾಕಿದೆವು. 25 ಜಿ ಕಡೆಯದನ್ನು ಎರಡನೇ ದಾರಿಯಾಗಿ ಉಳಿಸಿದೆವು. ಅಲ್ಲಿಗೆ ಆ ಕಾಟ ನಿಂತಿತು.

ಆದ್ದರಿಂದ ಎಲ್ಲವನ್ನೂ ಒಟ್ಟುಗೂಡಿಸಿ ಸರ್, ಎರಡನ್ನು ಬಿಟ್ಟು. ಒಂದು ಈ ಕ್ಲಸ್ಟರ್ ಹಾರ್ಟ್‌ಬೀಟ್ (ಕೋರೋಸಿಂಕ್). ಇನ್ನೊಂದು ಸರ್ವರ್‌ನ ಬಿಎಂಸಿ ಪೋರ್ಟ್, ಅಂದರೆ ಸರ್ವರ್ ನಿಂತುಹೋಗಿದ್ದರೂ ಅದನ್ನು ದೂರದಿಂದ ನೋಡಿ ಸರಿಮಾಡುವ ದಾರಿ. ಈ ಎರಡರ ಕೇಬಲ್ ಉಳಿಸಿ ನಿಮಗೆ ಸಿಗುವುದು ಕೆಲವೇ ಸಾವಿರ ರೂಪಾಯಿ.

ಡಲ್ಲಾಸ್_ಕನ್ನಡಿಗ

ಎರಡನೇ ಪಾಳಿಯವರ ಮಾತಿಗೆ ಪೂರ್ತಿ ಒಪ್ಪಿಗೆ. ಬಿಎಂಸಿ ವಿಷಯದಲ್ಲಿ ದೊಡ್ಡವರಿಗೂ ಪೆಟ್ಟು ಬಿದ್ದಿದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಮ್ ಆರು ಗಂಟೆ ಹತ್ತಿರ ಹೋಗಿದ್ದು ನೆನಪಿದೆಯಲ್ವಾ? ನಿರ್ವಹಣೆಯ ಒಂದು ಆದೇಶದಿಂದ ಬೆನ್ನೆಲುಬಿನ ಜಾಲವೇ ಕಡಿದುಹೋಯಿತು. ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್ ಸರ್ವರ್‌ಗಳು ತಮ್ಮ ಬಿಜಿಪಿ ದಾರಿಗಳನ್ನು (ಇಂಟರ್ನೆಟ್‌ನಲ್ಲಿ ತಮ್ಮನ್ನು ತಲುಪುವ ದಾರಿಯ ಘೋಷಣೆ) ಹಿಂತೆಗೆದುಕೊಂಡವು. ದೂರದಿಂದ ಸರಿಮಾಡಲು ಇಟ್ಟಿದ್ದ ಬೇರೆ ಜಾಲವೂ ಆವತ್ತು ಕೆಲಸ ಮಾಡಲಿಲ್ಲ. ಎಂಜಿನಿಯರ್‌ಗಳನ್ನು ಡೇಟಾ ಸೆಂಟರ್‌ಗೇ ಕಳಿಸಬೇಕಾಯಿತು. ಬೇರೆ ಜಾಲ ಇದ್ದರೆ ಸಾಲದು, ಮುಖ್ಯ ಜಾಲವನ್ನು ಬೇಕೆಂದೇ ಆರಿಸಿ ಆಗಾಗ ಪರೀಕ್ಷೆ ಮಾಡಬೇಕು.

ನನ್ನ ಸಲಹೆ ನೆಟ್‌ವರ್ಕ್ ಆಕಾರದ ಬಗ್ಗೆ. ಈಗಲೇ ಲೀಫ್-ಸ್ಪೈನ್ (ಸರ್ವರ್ ಸೇರುವ ಪ್ರತಿ ಲೀಫ್ ಸ್ವಿಚ್ ಮೇಲಿನ ಎಲ್ಲಾ ಸ್ಪೈನ್ ಸ್ವಿಚ್‌ಗಳಿಗೂ ಜೋಡಿಸುವ ಆಕಾರ) ಮಾಡಿ, ಮೇಲೆ ವಿಎಕ್ಸ್‌ಲ್ಯಾನ್ (ಜಾಲದ ಮೇಲೆ ಕಟ್ಟುವ ವರ್ಚುವಲ್ ಜಾಲ) ಮತ್ತು ಅದರ ದಾರಿಗಳನ್ನು ಸ್ವಿಚ್‌ಗಳಿಗೆ ತಿಳಿಸುವ ಇವಿಪಿಎನ್ ಹಾಕಿ. ಕ್ಲೋಸ್ ಅನ್ನುವವರು 1953ರಲ್ಲಿ ಟೆಲಿಫೋನ್ ಸ್ವಿಚ್‌ಗಳಿಗೆ ಬರೆದ ವಿನ್ಯಾಸ ಇವತ್ತು ಎಲ್ಲಾ ದೊಡ್ಡ ಡೇಟಾ ಸೆಂಟರ್‌ಗಳ ಬುನಾದಿ. ಎಲ್ಲಾ ಲಿಂಕ್‌ಗಳೂ ಒಟ್ಟಿಗೆ ಕೆಲಸ ಮಾಡುತ್ತವೆ. ಸುತ್ತು ಆಗದಿರಲಿ ಅಂತ ಲಿಂಕ್ ಮುಚ್ಚುವ ಸ್ಪ್ಯಾನಿಂಗ್ ಟ್ರೀಯಲ್ಲಿ ಅರ್ಧ ಲಿಂಕ್ ಸುಮ್ನೆ ಮಲಗಿರುತ್ತವೆ. ವಿಲ್ಯಾನ್ (ಒಂದೇ ಸ್ವಿಚ್ ಒಳಗಿನ ಬೇರೆ ಬೇರೆ ಜಾಲ) 4094ಕ್ಕೆ ಮುಗಿಯುತ್ತದೆ, ವಿಎಕ್ಸ್‌ಲ್ಯಾನ್‌ನಲ್ಲಿ 1.6 ಕೋಟಿ ಮೀರಿ ಸಿಗುತ್ತವೆ. ಬೆಳೆಯುವಾಗ ಇನ್ನೊಂದು ಲೀಫ್ ಸೇರಿಸಿದರೆ ಆಯಿತು.

ಕರಾವಳಿ_ಪ್ಯಾಕೆಟ್

ಡಲ್ಲಾಸ್ ಸರ್, ನೀವು ಹೇಳಿದ್ದು ಹತ್ತು ರ್‍ಯಾಕ್ ಇರುವವರಿಗೆ ಸರಿ. ಇಲ್ಲಿ ಇರುವುದು ಒಂದೇ ರ್‍ಯಾಕ್, ಆರು ಹೋಸ್ಟ್. ಎರಡು ಸ್ವಿಚ್ ಸಾಕು, ಅವುಗಳ ನಡುವೆ ಎಂಎಲ್‌ಎಜಿ (ಎರಡೂ ಹೋಸ್ಟ್‌ಗೆ ಒಂದೇ ಸ್ವಿಚ್‌ನಂತೆ ಕಾಣುವ ವ್ಯವಸ್ಥೆ). ಅದರಲ್ಲೂ ಎರಡು ಲಿಂಕ್ ಒಟ್ಟಿಗೆ ಕೆಲಸ ಮಾಡುತ್ತವೆ. ಸ್ಪ್ಯಾನಿಂಗ್ ಟ್ರೀ ಯಾವುದನ್ನೂ ಮಲಗಿಸುವುದಿಲ್ಲ. ಕಾರ್ಖಾನೆಯಲ್ಲಿ 30 ವಿಲ್ಯಾನ್ ಇದ್ದರೆ ಜಾಸ್ತಿ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ನಡುರಾತ್ರಿ ಕೆಟ್ಟರೆ ಯಾರು ನೋಡುತ್ತಾರೆ ಅನ್ನುವುದು. ಹುಬ್ಬಳ್ಳಿಯಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಅವರಿಗೆ ಅರ್ಥವಾಗುವ ಜಾಲ ಕಟ್ಟಬೇಕು. ಇವಿಪಿಎನ್ ಕೆಟ್ಟಾಗ ಹುಡುಕುವುದು ಬೇರೆಯದೇ ಕಲಿಕೆ. ಸ್ವಿಚ್ ತೆಗೆದುಕೊಳ್ಳುವಾಗ ವಿಎಕ್ಸ್‌ಲ್ಯಾನ್ ಸಾಮರ್ಥ್ಯ ಇರುವುದನ್ನೇ ತೆಗೆದುಕೊಳ್ಳಿ. ಎರಡನೇ ರ್‍ಯಾಕ್ ಬಂದ ದಿನ ಆನ್ ಮಾಡಿದರೆ ಆಯಿತು.

ಮಾಮೂಲಿ 25 ಜಿ ಸ್ವಿಚ್‌ನಲ್ಲಿ 48 ಪೋರ್ಟ್ ಇರುತ್ತವೆ. ಮೇಲೆ 100 ಜಿ ಪೋರ್ಟ್‌ಗಳು ಬೇರೆ. ನಿಮ್ಮ ಹೋಸ್ಟ್‌ಗೆ ನಾಲ್ಕು 25 ಜಿ ಕೊಟ್ಟರೂ ಒಟ್ಟು 24. ಒಂದೊಂದು ಸ್ವಿಚ್‌ಗೆ 12. ಪೋರ್ಟ್‌ಗೆ ಬರ ಇಲ್ಲ. ಹಾಗಿರುವಾಗ ಹೋಸ್ಟ್‌ಗೆ ಎರಡೇ ಪೋರ್ಟ್ ಅಂತ ಯಾಕೆ ಕಂಜೂಸು ಮಾಡಬೇಕು?

ಹುಬ್ಬಳ್ಳಿ_ಸಿಸ್ಟಮ್ಸ್

ಎಲ್ಲರಿಗೂ ತುಂಬಾ ಧನ್ಯವಾದ. ಎರಡನೇ ಪಾಳಿ ಸರ್ ಬರೆದಿದ್ದನ್ನು ನಮ್ಮ ಮ್ಯಾನೇಜರ್‌ಗೂ ಓದಿಸಿದೆ. ವೆಂಡರ್ ಹತ್ತಿರ ನಾಲ್ಕು ಪೋರ್ಟ್ ಕೇಳಿದಾಗ 'ಎರಡು 25 ಸೇರಿ 50 ಆಗುತ್ತದೆ, ಸಾಕು' ಅಂದರು. ಇದು ನಿಜವಾ? ನಾಲ್ಕು ಸಿಕ್ಕರೆ ಹೇಗೆ ಹಂಚಲಿ?

ಕರಾವಳಿ_ಪ್ಯಾಕೆಟ್

ಅರ್ಧ ನಿಜ. ಎರಡು ಲಿಂಕ್ ಸೇರಿಸುವ ಎಲ್‌ಎಸಿಪಿ ಒಂದು ಸಂಪರ್ಕವನ್ನು ಒಂದೇ ಲಿಂಕ್ ಮೇಲೆ ಕೂರಿಸುತ್ತದೆ. ಒಂದು ಟಿಸಿಪಿ ಸಂಪರ್ಕಕ್ಕೆ 25ರ ಮೇಲೆ ಸಿಗುವುದಿಲ್ಲ. ಸೆಫ್‌ನಲ್ಲಿ ಸಂಪರ್ಕಗಳು ನೂರಾರು ಇರುತ್ತವೆ, ಹಾಗಾಗಿ ಹಂಚಿಕೊಳ್ಳುತ್ತವೆ. ಆದರೆ ಯಾವ ಸಂಪರ್ಕ ಯಾವ ಲಿಂಕ್‌ಗೆ ಅಂತ ತೀರ್ಮಾನಿಸುವ ಹ್ಯಾಶ್ ಲೆಕ್ಕದಲ್ಲಿ ಐಪಿ ಜೊತೆ ಪೋರ್ಟ್ ನಂಬರನ್ನೂ ಸೇರಿಸಬೇಕು. ಬರೀ ಮ್ಯಾಕ್ ವಿಳಾಸದ ಮೇಲೆ ಬಿಟ್ಟರೆ ಎರಡು ಹೋಸ್ಟ್‌ಗಳ ನಡುವಿನದೆಲ್ಲಾ ಒಂದೇ ಲಿಂಕ್ ಮೇಲೆ ಹೋಗಿ ಇನ್ನೊಂದು ಖಾಲಿ ಇರುತ್ತದೆ.

ಹಂಚುವುದು ಹೀಗೆ. ಎರಡು ಪೋರ್ಟ್‌ನ ಎರಡು ಬೇರೆ ಬೇರೆ ಕಾರ್ಡ್ ಇರಲಿ. ನಾಲ್ಕು ಪೋರ್ಟ್‌ನ ಒಂದೇ ಕಾರ್ಡ್ ಬೇಡ. ಮೊದಲ ಕಾರ್ಡ್‌ನ ಒಂದು ಪೋರ್ಟ್, ಎರಡನೇ ಕಾರ್ಡ್‌ನ ಒಂದು ಪೋರ್ಟ್ ಸೇರಿಸಿ ಸ್ಟೋರೇಜ್ ಜೋಡಿ. ಉಳಿದ ಎರಡರಲ್ಲಿ ವಿಎಂ, ಮೈಗ್ರೇಶನ್, ಬ್ಯಾಕಪ್. ಪ್ರತಿ ಜೋಡಿಯ ಒಂದು ಕೇಬಲ್ ಮೊದಲ ಸ್ವಿಚ್‌ಗೆ, ಇನ್ನೊಂದು ಎರಡನೆಯದಕ್ಕೆ. ಒಂದು ಕಾರ್ಡ್ ಹೋದರೂ, ಒಂದು ಸ್ವಿಚ್ ಹೋದರೂ ಎರಡೂ ಜೋಡಿ ಅರ್ಧ ಬಲದಲ್ಲಿ ಉಳಿಯುತ್ತವೆ. ಮೈಗ್ರೇಶನ್‌ಗೂ ಬ್ಯಾಕಪ್‌ಗೂ ಪ್ರಾಕ್ಸ್‌ಮಾಕ್ಸ್‌ನಲ್ಲೇ ವೇಗದ ಮಿತಿ ಹಾಕಿಬಿಡಿ.

ಇದರ ಮೇಲೆ ಹಾರ್ಟ್‌ಬೀಟ್‌ಗೆ ಒಂದು, ಬಿಎಂಸಿಗೆ ಒಂದು. ಒಟ್ಟು ಆರು ಕೇಬಲ್. ನಿಮ್ಮ ಹನ್ನೊಂದು ಆರಾಯಿತು, ಬಾಗಿಲು ಮುಚ್ಚುತ್ತದೆ.

ಅದೇ ರ್‍ಯಾಕ್ ಒಳಗೆ ಡಿಎಸಿ ತಾಮ್ರದ ಕೇಬಲ್ ಸಾಕು, 3 ಮೀಟರ್ ಒಳಗೆ ಇಟ್ಟುಕೊಳ್ಳಿ. ಆಪ್ಟಿಕ್ ಮಾಡ್ಯೂಲ್‌ಗೆ ದುಡ್ಡು ಸುರಿಯಬೇಡಿ. ಎರಡೂ ತುದಿಯ ಎಫ್‌ಇಸಿ (ದಾರಿಯಲ್ಲಾದ ತಪ್ಪು ತಿದ್ದುವ ವಿಧಾನ) ಸೆಟ್ಟಿಂಗ್ ಒಂದೇ ಇರಬೇಕು. 25 ಜಿ ಲಿಂಕ್ ಮೇಲೇಳದಿದ್ದರೆ ನಾನು ಮೊದಲು ನೋಡುವುದು ಇದನ್ನೇ.

ಯುಪಿಎಸ್_ಮೇಷ್ಟ್ರು

ಇಷ್ಟು ಹೊತ್ತು ಯಾರೂ ಕರೆಂಟ್ ಮಾತಾಡಲಿಲ್ಲ, ಅದಕ್ಕೆ ಬಂದೆ.

ಹೋಸ್ಟ್‌ಗೆ 800 ವಾಟ್ ಹಿಡಿಯಿರಿ, ಸ್ವಿಚ್‌ಗಳನ್ನು ಸೇರಿಸಿ 6 ಕಿಲೋವಾಟ್ ಆಗುತ್ತದೆ. ಎ ಮತ್ತು ಬಿ ಅಂತ ಎರಡು ಯುಪಿಎಸ್ ಇಡುತ್ತೀರಿ. ಎರಡರಲ್ಲೂ ಶೇ 60 ಲೋಡ್ ತೋರಿಸಿದರೆ ಜನ ಖುಷಿಯಾಗುತ್ತಾರೆ. ಎ ಹೋದ ಕ್ಷಣ ಬಿ ಮೇಲೆ ಶೇ 120 ಬೀಳುತ್ತದೆ. ಅದೂ ಟ್ರಿಪ್. ಮಾಮೂಲಿ ದಿನದಲ್ಲಿ ಒಂದೊಂದೂ ಶೇ 40 ದಾಟಬಾರದು. ಒಂದೊಂದರ ಸಾಮರ್ಥ್ಯವೂ ಪೂರ್ತಿ 6 ಕಿಲೋವಾಟ್ ಹೊತ್ತು ಇನ್ನೂ ಸ್ವಲ್ಪ ಉಳಿಯಬೇಕು. ಎರಡೂ ಯುಪಿಎಸ್ ಒಂದೇ ಬ್ರೇಕರ್‌ನಿಂದ ಬರುತ್ತಿಲ್ಲ ಅಂತ ಎಲೆಕ್ಟ್ರಿಶಿಯನ್ ಜೊತೆ ನಿಂತು ನೋಡಿ. ಡ್ರಾಯಿಂಗ್ ನಂಬಬೇಡಿ.

6 ಕಿಲೋವಾಟ್ ಶಾಖ ಅಂದರೆ ಸುಮಾರು 1.7 ಟನ್ ಎಸಿ. 2 ಟನ್‌ನವು ಎರಡು ಬೇಕು, ಒಂದು ಕೆಟ್ಟರೆ ಇನ್ನೊಂದು ಹೊರಬೇಕು. ಸರ್ವರ್ ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಅಂತ ಎಸಿ ಎಂಜಿನಿಯರ್‌ಗಳ ಸಂಘ ಆ್ಯಶ್ರೇ ಶಿಫಾರಸು ಮಾಡುತ್ತದೆ. 24ಕ್ಕೆ ಇಡಿ. 16ಕ್ಕೆ ಇಟ್ಟು ಬಿಲ್ ಏರಿಸಬೇಡಿ.

ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಹೆಸ್ಕಾಂ ಕರೆಂಟ್ ಹೋಗಿ ಜನರೇಟರ್ ಬರುವವರೆಗೆ ಸರ್ವರ್ ಓಡುತ್ತದೆ, ಎಸಿ ಓಡುವುದಿಲ್ಲ. ಕರೆಂಟ್ ಬಂದ ಮೇಲೆ ಎಸಿ ತಾನಾಗಿ ಶುರುವಾಗುತ್ತದಾ? ಎಷ್ಟೋ ಎಸಿಗಳಲ್ಲಿ ರಿಮೋಟ್ ಒತ್ತಬೇಕು. ಭಾನುವಾರ ರಾತ್ರಿ ಒತ್ತುವವರು ಯಾರು? ಆಟೋ ರೀಸ್ಟಾರ್ಟ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಮೇನ್ ಸ್ವಿಚ್ ಆರಿಸಿ ಹಾಕಿ ನಿಮ್ಮ ಕಣ್ಣೆದುರೇ ಪರೀಕ್ಷೆ ಮಾಡಿಸಿ.

ಹುಬ್ಬಳ್ಳಿ_ಸಿಸ್ಟಮ್ಸ್

ಮೇಷ್ಟ್ರೇ, ಈಗಿನ ಎಸಿ ರಿಮೋಟ್ ಒತ್ತುವಂಥದ್ದೇ. ಇವತ್ತೇ ಪಟ್ಟಿಗೆ ಸೇರಿಸಿದೆ.

ಇನ್ನೆರಡು ಪ್ರಶ್ನೆ. ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಎರಡನೇ ಪ್ರತಿ ಇಡಬೇಕು ಅಂತ ಇದೆ. ಎರಡೂ ಕಡೆ ಒಂದೇ ಸಮಯಕ್ಕೆ ಬರೆಯುವ ಹಾಗೆ ಮಾಡಬಹುದಾ? ಮತ್ತೆ, ವಿಸ್ಪಿಯರ್‌ನಿಂದ ಹೊರಬರುವುದು ಎಷ್ಟು ಕಷ್ಟ?

ಮಲ್ಲಿಗೆ_ಕೆವಿಎಂ

ಒಂದೇ ಸಮಯಕ್ಕೆ ಬೇಡ. ಹುಬ್ಬಳ್ಳಿಯಿಂದ ಬೆಂಗಳೂರು 400 ಕಿ.ಮೀ. ಮೇಲೆ. ಫೈಬರ್‌ನಲ್ಲಿ ಬೆಳಕಿಗೆ ಕಿಲೋಮೀಟರಿಗೆ 5 ಮೈಕ್ರೋಸೆಕೆಂಡ್ ಬೇಕು. ಹೋಗಿ ಬರಲು ಕನಿಷ್ಠ 4 ಮಿಲಿಸೆಕೆಂಡ್. ನಿಜವಾದ ಫೈಬರ್ ದಾರಿ ಸುತ್ತಿಕೊಂಡು ಹೋಗುತ್ತದೆ, ಇನ್ನೂ ಜಾಸ್ತಿ ಆಗುತ್ತದೆ. ನಿಮ್ಮ ಡೇಟಾಬೇಸ್‌ನ ಪ್ರತಿ ಬರಹವೂ ಅಷ್ಟು ಕಾಯಬೇಕಾಗುತ್ತದೆ. ಸೆಫ್‌ನಲ್ಲಿ ವಿಎಂ ಡಿಸ್ಕ್‌ಗಳನ್ನು ಇನ್ನೊಂದು ಕಡೆ ನಕಲಿಸುವ ಆರ್‌ಬಿಡಿ ಮಿರರಿಂಗ್ ಇದೆ, ಅದರಲ್ಲಿ ನಿಗದಿತ ಸಮಯಕ್ಕೊಮ್ಮೆ ಸ್ನ್ಯಾಪ್‌ಶಾಟ್ ಕಳಿಸಿ. ಕೊನೆಯ ಕೆಲವು ನಿಮಿಷದ ಡೇಟಾ ಹೋದರೆ ಪರವಾಗಿಲ್ಲವಾ ಅಂತ ಅಕೌಂಟ್ಸ್‌ನವರನ್ನು ಕೇಳಿ ಬರಹದಲ್ಲಿ ತೆಗೆದುಕೊಳ್ಳಿ.

ಮಿರರಿಂಗ್ ಇದೆ ಅಂತ ಬ್ಯಾಕಪ್ ಬಿಡಬೇಡಿ. ಅಳಿಸಿದ ಫೈಲ್ ಬೆಂಗಳೂರಿನಲ್ಲೂ ಅಳಿಸಿಹೋಗುತ್ತದೆ. ಬ್ಯಾಕಪ್ ಅದೇ ಕಟ್ಟಡದಲ್ಲಿ ಮಾತ್ರ ಇರುವುದೂ ಬೇಡ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್‌ನ ಡೇಟಾ ಸೆಂಟರ್ ಕಟ್ಟಡವೇ ಸುಟ್ಟುಹೋಯಿತು. ಬೇರೆ ಕಡೆ ಪ್ರತಿ ಇಲ್ಲದವರ ಡೇಟಾ ಅಲ್ಲಿಗೇ ಮುಗಿಯಿತು.

ವಿಸ್ಪಿಯರ್ ವಿಷಯ. ಬ್ರಾಡ್‌ಕಾಮ್ 2023ರ ನವೆಂಬರ್‌ನಲ್ಲಿ ವಿಎಂವೇರ್ ಕೊಂಡಿತು. ಮರು ತಿಂಗಳೇ ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿತು. ವಿಸ್ಪಿಯರ್ 7ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿದಿದೆ. ಹಾಗಾಗಿ ತಡಮಾಡಬೇಡಿ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಇಎಸ್‌ಎಕ್ಸ್‌ಐಯಿಂದ (ವಿಸ್ಪಿಯರ್ ಹೋಸ್ಟ್‌ನಿಂದ) ವಿಎಂಗಳನ್ನು ನೇರ ತರಿಸಿಕೊಳ್ಳುವ ಸೌಲಭ್ಯ 2024ರಿಂದ ಇದೆ. ಲಿನಕ್ಸ್ ವಿಎಂಗಳು ಬಹುಮಟ್ಟಿಗೆ ಸಲೀಸಾಗಿ ಬರುತ್ತವೆ. ವಿಂಡೋಸ್‌ನಲ್ಲಿ ಮಾತ್ರ ಹಳೇ ಹೋಸ್ಟ್ ಮೇಲೆ ಇರುವಾಗಲೇ ವರ್ಟ್‌ಐಒ (ಪ್ರಾಕ್ಸ್‌ಮಾಕ್ಸ್‌ನ ವರ್ಚುವಲ್ ಡಿಸ್ಕ್, ನೆಟ್‌ವರ್ಕ್‌ಗೆ ಬೇಕಾದ) ಡ್ರೈವರ್ ಹಾಕಿ. ಹಾಗಿದ್ದರೂ ಮೊದಲ ಸಲ ಸಾಟಾ ಡಿಸ್ಕ್ ಅಂತ ತೋರಿಸಿ ಬೂಟ್ ಮಾಡಿ. ಜೊತೆಗೆ ಒಂದು ಚಿಕ್ಕ ವರ್ಟ್‌ಐಒ ಡಿಸ್ಕ್ ಸೇರಿಸಿ. ವಿಂಡೋಸ್ ಅದನ್ನು ಗುರುತಿಸಿದ ಮೇಲೆ ಮುಖ್ಯ ಡಿಸ್ಕ್ ಬದಲಿಸಿ. ಇಲ್ಲದಿದ್ದರೆ ನೀಲಿ ಪರದೆ.

ಹಳೇ ಸ್ಟೋರೇಜನ್ನು ತಕ್ಷಣ ಗುಜರಿಗೆ ಹಾಕಬೇಡಿ. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಇರುವವರೆಗೆ ಹಳೇ ಹೋಸ್ಟ್‌ಗಳ ಜೊತೆ ಹಾಗೇ ಓಡಲಿ. ಮುಖ್ಯವಲ್ಲದ ವಿಎಂಗಳನ್ನು ಮೊದಲು ತನ್ನಿ. ಇಆರ್‌ಪಿ ಕೊನೆಗೆ, ಅದೂ ತಿಂಗಳ ಕೊನೆ ಬಿಟ್ಟು.

ಹುಬ್ಬಳ್ಳಿ_ಸಿಸ್ಟಮ್ಸ್

ವೆಂಡರ್ ಕೊನೆಗೂ ಎರಡು ಕಾರ್ಡ್‌ಗೆ ಒಪ್ಪಿದರು. ಬಿಎಂಸಿ ಮತ್ತು ಹಾರ್ಟ್‌ಬೀಟ್‌ಗೆ 1 ಜಿ ಸ್ವಿಚ್ ಕೂಡ ಸೇರಿತು. ಆರ್‌ಡಿಎಂಎ ಸಾಲು ತೆಗೆಸಿದೆ. ಒಂದೇ ಅನುಮಾನ ಉಳಿದಿದೆ. ಸ್ಟೋರೇಜ್ ಜೋಡಿಗೆ ಜಂಬೋ ಫ್ರೇಮ್, ಎಂಟಿಯು 9000 (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ 9000 ಬೈಟ್) ಹಾಕುತ್ತೇವೆ ಅಂದಿದ್ದಾರೆ. ಹಾಕಿಸಲಾ? ಸರಿ ಇದೆ ಅಂತ ನಾನೇ ಹೇಗೆ ನೋಡಿಕೊಳ್ಳಲಿ?

ಕರಾವಳಿ_ಪ್ಯಾಕೆಟ್

ಹಾಕಿಸಿ, ಸ್ಟೋರೇಜ್ ಜೋಡಿಗೆ ಮಾತ್ರ. ಹೋಸ್ಟ್‌ನ ಕಾರ್ಡ್, ಬಾಂಡ್ (ಸೇರಿಸಿದ ಜೋಡಿ), ವಿಲ್ಯಾನ್, ಸ್ವಿಚ್ ಪೋರ್ಟ್, ಎರಡು ಸ್ವಿಚ್‌ಗಳ ನಡುವಿನ ಲಿಂಕ್ ಎಲ್ಲಾ ಕಡೆ ಇರಬೇಕು. ಒಂದು ಕಡೆ ತಪ್ಪಿದರೆ ಮಾಮೂಲಿ ಪಿಂಗ್ ಹೋಗುತ್ತದೆ, ಲಾಗಿನ್ ಆಗುತ್ತದೆ, ಸೆಫ್ ಮಾತ್ರ ಅರ್ಧದಲ್ಲಿ ನಿಲ್ಲುತ್ತದೆ.

ಪರೀಕ್ಷೆ ಸುಲಭ. ಪ್ಯಾಕೆಟ್ ಒಡೆಯಬಾರದು ಅನ್ನುವ ಆಯ್ಕೆ ಹಾಕಿ 8972 ಬೈಟ್‌ನ ಪಿಂಗ್ ಕಳಿಸಿ. ಐಪಿಗೆ 20, ಐಸಿಎಂಪಿಗೆ 8 ಸೇರಿ ಸರಿಯಾಗಿ 9000 ಆಗುತ್ತದೆ. ಪ್ರತಿ ಹೋಸ್ಟ್‌ನಿಂದ ಉಳಿದ ಐದಕ್ಕೂ ಕಳಿಸಿ. ಆಮೇಲೆ ಮೊದಲ ಸ್ವಿಚ್‌ನ ಪವರ್ ಕಿತ್ತು ಮತ್ತೆ ಅದೇ ಪಿಂಗ್. ಅದನ್ನು ವಾಪಸ್ ಹಾಕಿ, ಎಲ್ಲಾ ಲಿಂಕ್ ಎದ್ದ ಮೇಲೆ ಎರಡನೆಯದನ್ನು ಕಿತ್ತು ಮತ್ತೆ ಒಮ್ಮೆ. ಇದನ್ನು ಒಂದೂ ವಿಎಂ ತರುವ ಮೊದಲೇ ಮಾಡಿ. ವೆಂಡರ್ ಎಂಜಿನಿಯರ್ ರೂಮಿನಲ್ಲಿ ಇರುವಾಗಲೇ ಮಾಡಿ. ಇನ್‌ಸ್ಟಾಲೇಶನ್ ರಿಪೋರ್ಟ್‌ಗೆ ಸಹಿ ಆಮೇಲೆ.